ಕಡಲೂರಿನ ಮಕ್ಕಳು ಒಲಿಂಪಿಕ್ಸ್‌ನಲ್ಲಿ ಯಾಕೆ ಈಜುವುದಿಲ್ಲ?

ನಾನು ಕಾರವಾರದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಘಟ್ಟದ ಮೇಲಿನ ನೆಂಟರು, ಟೂರಿಗೆ ಬಂದವರು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರೂ ಕೇಳುವುದು ಒಂದೇ. 'ಮಾಸ್ತರ್ರೆ, ಇಷ್ಟು ದೊಡ್ಡ ಸಮುದ್ರ ಇದೆ, ನಿಮ್ಮ ಮಕ್ಕಳು ಮೀನಿನ ಹಾಗೆ ಈಜ್ತಾರೆ. ಒಲಿಂಪಿಕ್ಸ್‌ಗೆ ಹೋಗುವವರು ಮಾತ್ರ ಬೆಂಗಳೂರಿನವರು. ಯಾಕೆ?' ಅರ್ಧ ಹೇಳುವಷ್ಟರಲ್ಲಿ ಅವರ ಸ್ಟಾಪ್ ಬಂದಿರುತ್ತದೆ. ಪೂರ್ತಿ ಇಲ್ಲಿ ಬರೆಯುತ್ತೇನೆ.

ಸಮುದ್ರಕ್ಕೂ ಈಜಿನ ಪದಕಕ್ಕೂ ನಂಟಿದೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ 200 ಮೀಟರ್ ಬಟರ್‌ಫ್ಲೈನಲ್ಲಿ (ಎರಡೂ ಕೈ ಒಟ್ಟಿಗೆ ಬೀಸುವ ಈಜು) ಬೆಳ್ಳಿ ಗೆದ್ದ ಖಜಾನ್ ಸಿಂಗ್ ದೆಹಲಿಯವರು. ಅವರ ನಂತರ ಏಷ್ಯನ್ ಗೇಮ್ಸ್ ಈಜಿನಲ್ಲಿ ನಮಗೆ ಮತ್ತೊಂದು ಪದಕ ಬಂದದ್ದು 2010ರಲ್ಲಿ. ಅದನ್ನು ತಂದ ವೀರಧವಲ್ ಖಾಡೆ ಕೊಲ್ಹಾಪುರದ ಹುಡುಗ. ಟೋಕಿಯೋ ಒಲಿಂಪಿಕ್ಸ್‌ಗೆ ಹೋದ ಸಾಜನ್ ಪ್ರಕಾಶ್ ಈಜು ಕಲಿತದ್ದು ತಮಿಳುನಾಡಿನ ನೈವೇಲಿಯಲ್ಲಿ, ಅವರಮ್ಮ ಕೆಲಸ ಮಾಡುತ್ತಿದ್ದ ಕಲ್ಲಿದ್ದಲು ಊರಿನ ಕೊಳದಲ್ಲಿ. ಅದೇ ಒಲಿಂಪಿಕ್ಸ್‌ಗೆ ಹೋದ ಶ್ರೀಹರಿ ನಟರಾಜ್ ಬೆಂಗಳೂರಿನವರು, ಅಂದರೆ ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲೆ. ಇವರಲ್ಲಿ ಒಬ್ಬರ ಮನೆಯ ಅಂಗಳದಿಂದಲೂ ಕಡಲು ಕಾಣುವುದಿಲ್ಲ.

ನಮ್ಮ ಕೋಡಿಬಾಗ, ಬೈತಖೋಲ, ಮಾಜಾಳಿಯ ಹುಡುಗರು ಈಜುವುದನ್ನು ನೋಡಿ. ತಲೆ ಯಾವಾಗಲೂ ನೀರಿನ ಮೇಲೆ. ಕಣ್ಣು ಮುಂದಿನ ತೆರೆಯ ಮೇಲೆ. ಸೆಳೆತಕ್ಕೆ ಸಿಕ್ಕರೆ ಎದುರು ಈಜದೆ ಓರೆಯಾಗಿ ಹೊರಬರಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುರುಡೇಶ್ವರದಲ್ಲೋ ಗೋಕರ್ಣದಲ್ಲೋ ಪ್ರವಾಸಿಗರು ಮುಳುಗುವಾಗ ನೀರಿಗೆ ಹಾರುವವರು ಇಂಥವರೇ. ಆದರೆ ಇದು ಮುಳುಗದೆ ವಾಪಸ್ ಬರುವ ವಿದ್ಯೆ. ತಲೆ ಎತ್ತಿದರೆ ಸೊಂಟ ಇಳಿಯುತ್ತದೆ, ಸೊಂಟ ಇಳಿದರೆ ನೀರು ಹಿಡಿದು ನಿಲ್ಲಿಸುತ್ತದೆ. ಉಪ್ಪುನೀರು ಮೈಯನ್ನು ಒಂಚೂರು ಜಾಸ್ತಿ ಎತ್ತಿ ಹಿಡಿಯುವುದರಿಂದ ಕಡಲಿನಲ್ಲಿ ಈ ತಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ. ಕೊಳಕ್ಕೆ ಇಳಿದ ಮೇಲೆ ಗೊತ್ತಾಗುತ್ತದೆ.

ಕೊಳದ ವಿದ್ಯೆಯೇ ಬೇರೆ. ಶ್ರೀಹರಿಯ ಬ್ಯಾಕ್‌ಸ್ಟ್ರೋಕನ್ನೇ ತೆಗೆದುಕೊಳ್ಳಿ. ಅಂಗಾತ ಈಜುವವನಿಗೆ ಗೋಡೆ ಕಾಣುವುದಿಲ್ಲ. ಅದಕ್ಕೇ ಗೋಡೆಗೆ 5 ಮೀಟರ್ ಇರುವಾಗ ಮೇಲೆ ಅಡ್ಡಲಾಗಿ ಬಾವುಟದ ಸಾಲು ಕಟ್ಟಿರುತ್ತಾರೆ. ಅದು ಕಂಡ ಕ್ಷಣದಿಂದ ಎಷ್ಟು ಸಲ ಕೈ ಬೀಸಿದೆ ಅಂತ ಎಣಿಸಬೇಕು. ಎಣಿಕೆ ಮುಗಿಯುತ್ತಲೇ ಬೋರಲಾಗಿ, ನೀರಿನೊಳಗೇ ಪಲ್ಟಿ ಹೊಡೆದು, ಪಾದದಿಂದ ಗೋಡೆ ಒದ್ದು, ಮತ್ತೆ ಅಂಗಾತ ಹೊರಡಬೇಕು. ನೀರಿನಡಿ ಹೋಗಬಹುದಾದದ್ದು 15 ಮೀಟರ್ ಮಾತ್ರ. ಬೇಗ ತಿರುಗಿದರೆ ಒದೆಯಲು ಗೋಡೆಯೇ ಸಿಗುವುದಿಲ್ಲ. ತಡವಾದರೆ ತಲೆಗೇ ಪೆಟ್ಟು. ಇದು ಮೈಗೆ ಹತ್ತಬೇಕಾದರೆ ಅದೇ ಅಳತೆಯ ಕೊಳ ಬೇಕು, ಅದೇ ಗೋಡೆ ಬೇಕು, ವರ್ಷಗಟ್ಟಲೆ ಬೇಕು. ಕಡಲಿಗೆ ಗೋಡೆ ಎಲ್ಲಿದೆ?

ಇಷ್ಟೆಲ್ಲ ಎಷ್ಟಕ್ಕೆ ಗೊತ್ತಾ? 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಶ್ರೀಹರಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.90 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೋಗೆ ನೇರ ಅರ್ಹತೆ ಬೇಕಿದ್ದರೆ 53.85 ಆಗಬೇಕಿತ್ತು. ಅದೇ ಕೂಟದಲ್ಲಿ ಟೈಮ್ ಟ್ರಯಲ್‌ಗೆ, ಅಂದರೆ ಪದಕಕ್ಕಲ್ಲ, ಸಮಯಕ್ಕಾಗಿ ಮಾತ್ರ ಈಜುವುದಕ್ಕೆ, ಮತ್ತೆ ಇಳಿದು 53.77 ಮಾಡಿದರು. ಆಗಷ್ಟೇ ಸಾಜನ್ 200 ಮೀಟರ್ ಬಟರ್‌ಫ್ಲೈನಲ್ಲಿ ನೇರ ಅರ್ಹತೆ ಪಡೆದು, ಈಜಿನಲ್ಲಿ ಆ ಸಾಧನೆಯ ಮೊದಲ ಭಾರತೀಯ ಆಗಿದ್ದರು. ಶ್ರೀಹರಿ ಎರಡನೆಯವರು. ಟೋಕಿಯೋದಲ್ಲಿ ಅವರ ಸಮಯ 54.31, ಸೆಮಿಫೈನಲ್ ಸಿಗಲಿಲ್ಲ. ಚಿಕ್ಕಂದಿನಿಂದ ನೀರಲ್ಲೇ ಬೆಳೆದವನ ಲೆಕ್ಕ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಖಾಡೆಯದು ಇನ್ನೂ ಹೊಟ್ಟೆ ಉರಿಸುವ ಕಥೆ. ಪದಕದ ನಂತರ ಮಹಾರಾಷ್ಟ್ರದಲ್ಲಿ ತಹಶೀಲ್ದಾರರಾದರು, ವರ್ಷಗಳ ಮೇಲೆ ಮತ್ತೆ ನೀರಿಗಿಳಿದರು, 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ 0.01 ಸೆಕೆಂಡಿಗೆ ಕಂಚು ಕಳೆದುಕೊಂಡರು.

ಈಗ ನಮ್ಮ ಮಳೆಗಾಲಕ್ಕೆ ಬನ್ನಿ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ. ಮಕ್ಕಳಿಗಂತೂ ಸೆಪ್ಟೆಂಬರ್‌ವರೆಗೆ ತೀರದ ಹತ್ತಿರ ಸುಳಿಯಲೂ ಬಿಡುವುದಿಲ್ಲ. 2020ರಲ್ಲಿ ಲಾಕ್‌ಡೌನ್ ಆಗಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ದೇಶದ ಕೊಳಗಳು ಮುಚ್ಚಿದ್ದವಲ್ಲ, ಆಗ ಖಾಡೆ ನಿವೃತ್ತಿಯ ಮಾತನ್ನೇ ಆಡಿದ್ದರು. ಅಂಥ ಲಾಕ್‌ಡೌನ್ ನಮ್ಮ ಕಡಲಿಗೆ ಪ್ರತಿ ವರ್ಷ ಇದೆ.

ದುಡ್ಡಿನ ವಿಷಯ ಹೆಚ್ಚು ಹೇಳುವುದಿಲ್ಲ. ರೇಸಿಗೆ ಹಾಕುವ ಸೂಟೇ ಹತ್ತಾರು ಸಾವಿರ. ಬೋಟಿಗೆ ಹೋಗುವ ಅಪ್ಪನ ಮನೆಯಲ್ಲಿ ಆ ಮಾತು ಎತ್ತುವುದು ಕಷ್ಟ.

'ಅವರಿಗೆ ಅದು ರಕ್ತದಲ್ಲೇ ಇದೆ' ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಜಿಲ್ಲೆ ಈ ಮಾತನ್ನು ಹಿಂದೆ ಒಮ್ಮೆ ಕೇಳಿದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಆಫ್ರಿಕಾ ಮೂಲದವರು, ಓಟ ಅವರಿಗೆ ಹುಟ್ಟಿನಿಂದಲೇ ಬಂದಿದೆ ಅನ್ನುವುದು ಲೆಕ್ಕಾಚಾರ. ಕಮಲಾ ಸಿದ್ದಿಯಂಥ ಅಥ್ಲೀಟುಗಳು ಬಂದದ್ದೂ ನಿಜ. ಬಂದದ್ದು ರಕ್ತದಿಂದಲ್ಲ, ಹಾಸ್ಟೆಲ್ಲು, ಊಟ, ಕೋಚು ಸಿಕ್ಕಿದ್ದರಿಂದ. 1993ರ ಹೊತ್ತಿಗೆ ಯೋಜನೆ ನಿಂತಿತು. ಎಷ್ಟೋ ಮಕ್ಕಳು ಕೂಲಿಗೆ ವಾಪಸಾದರು. ರಕ್ತ ಅದೇ ಇತ್ತು, ಅಲ್ವಾ?

ಇನ್ನೊಂದು ವಿಷಯವನ್ನು ಈ ಪ್ರಶ್ನೆ ಕೇಳುವವರು ಗಮನಿಸುವುದೇ ಇಲ್ಲ. 'ನಿಮ್ಮ ಮಕ್ಕಳು' ಅಂದಾಗ ಅವರ ಕಣ್ಣ ಮುಂದೆ ಇರುವುದು ಚಡ್ಡಿ ಹಾಕಿದ ಹುಡುಗರು ಮಾತ್ರ. ಹತ್ತು ವರ್ಷ ದಾಟಿದ ಹುಡುಗಿಯರು ನಮ್ಮ ತೀರದಲ್ಲಿ ನೀರಿಗಿಳಿಯುವುದು ಕಡಿಮೆ. ಮೊಣಕಾಲವರೆಗೆ ಹೋಗುತ್ತಾರೆ, ಲಂಗ ಒದ್ದೆಯಾಯಿತು ಅಂತ ಬೈಸಿಕೊಂಡು ಮೇಲೆ ಬರುತ್ತಾರೆ. ಬೆಂಗಳೂರಿನ ಧಿನಿಧಿ ದೇಸಿಂಗು 2024ರಲ್ಲಿ ಪ್ಯಾರಿಸ್‌ಗೆ ಹೋದಾಗ ಅವಳಿಗೆ 14 ವರ್ಷ, ಭಾರತ ತಂಡದಲ್ಲೇ ಅತಿ ಚಿಕ್ಕವಳು. ಅವಳೂ ಶ್ರೀಹರಿಯೂ ಆ ಸಲ ಹೋದದ್ದು ಯೂನಿವರ್ಸಾಲಿಟಿ ಕೋಟಾದಲ್ಲಿ, ನೇರ ಅರ್ಹತೆ ಸಿಗದ ದೇಶಗಳಿಗೆ ಕೊಡುವ ಅವಕಾಶ ಅದು. ಅದಕ್ಕೂ ದೇಶದಲ್ಲಿ ಮೊದಲಿಗಳಾಗಿ ನಿಲ್ಲಬೇಕಲ್ಲ. ಆ ವಯಸ್ಸಿನ ನನ್ನ ವಿದ್ಯಾರ್ಥಿನಿಯರು ಒಂಬತ್ತನೇ ಕ್ಲಾಸಿನಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ತೇಲಲೂ ಬರುವುದಿಲ್ಲ, ಮನೆ ಇರುವುದು ಮಾತ್ರ ತೆರೆಯ ಸದ್ದು ಕೇಳುವಷ್ಟು ಹತ್ತಿರ.

ಹಾಗಾಗಿ ಯಾರಾದರೂ 'ಮಾಸ್ತರ್ರೆ, ಏನು ಮಾಡಬೇಕು ಹೇಳಿ' ಅಂದರೆ ನಾನು ಒಲಿಂಪಿಕ್ಸ್‌ನಿಂದ ಶುರು ಮಾಡುವುದಿಲ್ಲ. ಹಿಡಿದು ಈಜಲು ಗೋಡೆ ಇರುವ ನೀರು, ಬೆಳಗ್ಗೆ ಐದೂವರೆಗೆ ದಿನವೂ ಬರುವ ಒಬ್ಬ ಕೋಚು, ಹುಡುಗಿಯರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಆ ಕೋಣೆ.