ಮೂರು ಹಾಡಿನ ಹೆಸರು ಹೇಳು

ಕಳೆದ ವಾರ ಹಾಸನದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಡಿಪ್ಲೊಮಾ ಓದುತ್ತಿರುವ ಹುಡುಗ. ಸಾಲಗಾಮೆ ರಸ್ತೆಯ ಗೆಳೆಯನೊಬ್ಬನ ಮನೆಯ ಮಹಡಿಯಲ್ಲಿ ಭಾನುವಾರಗಳಂದು ಐದಾರು ಮಂದಿ ಸೇರಿ ಗಿಟಾರ್ ನುಡಿಸುತ್ತಾರೆ. "ಮಾವ, ಸ್ಲೀಪ್ ಟೋಕನ್ ತಂಡದ್ದು ಮೆಟಲ್ ಸಂಗೀತ ಅಲ್ಲವಂತೆ. ಆ ತಂಡದ ಟೀ ಶರ್ಟ್ ಹಾಕಿಕೊಂಡು ಇಲ್ಲಿಗೆ ಬರಬೇಡ ಎಂದರು" ಎಂದ. ಹೊಸ ಶರ್ಟ್ ಅದು, ಇಲ್ಲಿಂದ ನಾನೇ ಕಳುಹಿಸಿದ್ದು. ಮಡಿಸಿ ಬೀರುವಿನೊಳಗೆ ಇಟ್ಟಿದ್ದಾನಂತೆ.

ನಾನಿರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಹುಟ್ಟಿದ ಊರು ಯಾವುದು ಎಂದರೆ ಹೆಚ್ಚಿನವರು ಇದನ್ನೇ ತೋರಿಸುತ್ತಾರೆ. ಹುಡುಗನ ಮಾತು ಕೇಳಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕಾರಣ ಕೊನೆಗೆ ಹೇಳುತ್ತೇನೆ.

ಸ್ಲೀಪ್ ಟೋಕನ್ ಲಂಡನ್ನಿನ ತಂಡ. ಮುಖವಾಡ ಹಾಕಿಕೊಂಡೇ ವೇದಿಕೆಗೆ ಬರುತ್ತಾರೆ. ಪಿಯಾನೋ ಜೊತೆ ಪಾಪ್ ಗಾಯಕನಂತೆ ಮೆಲ್ಲಗೆ ಹಾಡುತ್ತಿದ್ದವನು ಇದ್ದಕ್ಕಿದ್ದಂತೆ ಅರಚುತ್ತಾನೆ, ಗಿಟಾರುಗಳು ಗೋಡೆ ಕುಸಿದ ಹಾಗೆ ಮೇಲೆ ಬೀಳುತ್ತವೆ. 2025ರಲ್ಲಿ ಅವರ ಆಲ್ಬಂ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆಗಿನಿಂದ ಇದು ಮೆಟಲ್ಲೋ ಅಲ್ಲವೋ ಎಂಬ ಜಗಳ ಇಲ್ಲಿಯೂ ಜೋರಾಗಿದೆ. ಅದು ಹಾಸನದ ಮಹಡಿಯನ್ನೂ ತಲುಪಿದೆ.

ಹೆಸರುಗಳೇ ಬೇಡ, ಎಲ್ಲವೂ ಸಂಗೀತವೇ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತೆಂಕುತಿಟ್ಟು, ಬಡಗುತಿಟ್ಟು ಎರಡೂ ಒಂದೇ ಎಂದು ಹೇಳುವವನು ಎರಡನ್ನೂ ಒಂದು ರಾತ್ರಿ ಕೂತು ನೋಡಿಲ್ಲ. ಮೆಟಲ್‌ನ ಒಳಬಗೆಗಳಲ್ಲೂ ಹಾಗೆಯೇ. ಡೂಮ್ ಎಂದರೆ ನಿಧಾನ, ಹೊರೆ ಹೊತ್ತವನ ನಡಿಗೆ. ಥ್ರ್ಯಾಶ್ ಎಂದರೆ ಅಂಗೈಯಿಂದ ತಂತಿ ಅದುಮಿ ಹಿಡಿದು ಕಡಿಯುವಂತೆ ನುಡಿಸುವ ವೇಗ. ಡೆತ್ ಮೆಟಲ್‌ನಲ್ಲಿ ದನಿ ಹೊಟ್ಟೆಯಾಳದಿಂದ ಗುರುಗುಟ್ಟುತ್ತದೆ. ಬ್ಲ್ಯಾಕ್ ಮೆಟಲ್‌ನಲ್ಲಿ ಅದೇ ದನಿ ಮೇಲೇರಿ ಕಿರುಚುತ್ತದೆ, ಧ್ವನಿಮುದ್ರಣವನ್ನು ಬೇಕೆಂದೇ ಒರಟಾಗಿ ಬಿಡುತ್ತಾರೆ. ಈ ವ್ಯತ್ಯಾಸಗಳು ಕಿವಿಗೆ ಹತ್ತಬೇಕಾದರೆ ವರ್ಷಗಳು ಬೇಕು. ಹತ್ತಿದ ಮೇಲೆ ಸಿಗುವ ಸಂತೋಷ ದೊಡ್ಡದು. ಹಾಗಾಗಿ ಹೆಸರು ಹಿಡಿದು ವಾದಿಸುವವರನ್ನು ಕಂಡರೆ ನನಗೆ ಪ್ರೀತಿಯೇ.

ಆದರೆ ಹೆಸರುಗಳ ಹುಟ್ಟನ್ನು ಕೆದಕಿದರೆ ಬೇರೆಯೇ ಕಥೆ. ಬ್ಲ್ಯಾಕ್ ಮೆಟಲ್ ಎಂಬ ಹೆಸರು ಬಂದದ್ದು ನ್ಯೂಕಾಸಲ್‌ನ ವೆನಮ್ ತಂಡದ 1982ರ ಆಲ್ಬಂನಿಂದ. ಮುಂದೆ 1990ರ ಸುಮಾರಿಗೆ ನಾರ್ವೆಯ ಹುಡುಗರು ಆ ಹೆಸರಿಗೆ ಬೇರೆ ಚರ್ಮ, ಬೇರೆ ಎಲುಬು ಕೊಟ್ಟರು. ಇವತ್ತು ವೆನಮ್‌ನ ಹಾಡು ಹಾಕಿದರೆ "ಇದು ನಿಜವಾದ ಬ್ಲ್ಯಾಕ್ ಮೆಟಲ್ ಅಲ್ಲ" ಎನ್ನುವವರು ಸಿಗುತ್ತಾರೆ. ಹೆಸರಿಟ್ಟವರೇ ಮನೆಯಿಂದ ಹೊರಗೆ! ಮೋಟರ್‌ಹೆಡ್ ತಂಡದ ಗಾಯಕ ಲೆಮ್ಮಿಯಂತೂ ತಾನು ನುಡಿಸುವುದು ರಾಕ್ ಅಂಡ್ ರೋಲ್ ಎಂದೇ ಕೊನೆಯವರೆಗೂ ಹೇಳಿದ. ಹೆವಿ ಮೆಟಲ್‌ನ ಮೂಲ ಎನ್ನಿಸಿಕೊಳ್ಳುವ ಈ ಊರಿನ ಬ್ಲ್ಯಾಕ್ ಸಬಾತ್ ಕೂಡ ಶುರುವಾದದ್ದು ಬ್ಲೂಸ್ ನುಡಿಸುವ ತಂಡವಾಗಿ.

ಸಬಾತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಇದೇ ಊರಿನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹದಿನೇಳರ ವಯಸ್ಸು. ಕೆಲಸ ಬಿಡಬೇಕೆಂದಿದ್ದ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ತಂತಿ ಒತ್ತುವುದು ಬಲಗೈಯೇ. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ತೆಳು ತಂತಿ ಹಾಕಿಕೊಂಡ, ಮುಂದೆ ಅದನ್ನೂ ಸಡಿಲಿಸಿ ಶ್ರುತಿ ಇಳಿಸಿದ. ನಾವು ಇವತ್ತು ಭಾರವಾದ ನಾದ ಎನ್ನುತ್ತೇವಲ್ಲ, ಅದರಲ್ಲಿ ಈ ಇಳಿದ ಶ್ರುತಿಯ ಪಾಲು ದೊಡ್ಡದು. ನೋವು ತಡೆಯಲು ಹುಡುಕಿಕೊಂಡ ದಾರಿ ಅದು. ಇವನ ಕೈಯಲ್ಲಿ ಆಗ ಯಾವ ಪ್ರಕಾರದ ಪಟ್ಟಿಯೂ ಇರಲಿಲ್ಲ.

ಊರ ಕಡೆಯ ಉದಾಹರಣೆಯನ್ನೇ ಕೊಡುತ್ತೇನೆ. ನಮ್ಮ ತಾತ ಅರಕಲಗೂಡಿನ ಕಡೆ ಮೂಡಲಪಾಯದ ಭಾಗವತರಾಗಿದ್ದರು. ಮದ್ದಲೆ, ತಾಳ, ಮುಖವೀಣೆ. ಯಾರಾದರೂ "ಯಕ್ಷಗಾನವೆಂದರೆ ಕರಾವಳಿಯದು, ನಿಮ್ಮದು ಬರೀ ಬಯಲಾಟ" ಎಂದರೆ ತಾತ ಎದುರಾಡುತ್ತಿರಲಿಲ್ಲ. ರಾತ್ರಿ ಊಟ ಮಾತ್ರ ಅರ್ಧಕ್ಕೇ ಬಿಡುತ್ತಿದ್ದರು. ಹೆಸರನ್ನು ಕಿತ್ತುಕೊಂಡರೆ ಮನುಷ್ಯನಿಗೆ ಹೇಗಾಗುತ್ತದೆ ಎಂಬುದನ್ನು ನಾನು ಮೊದಲು ನೋಡಿದ್ದು ಆ ತಟ್ಟೆಯಲ್ಲಿ.

ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಪಬ್‌ಗೆ ಹೋಗಿದ್ದೆ. ನೇಪಾಮ್ ಡೆತ್‌ನ ಶರ್ಟ್ ಹಾಕಿದ್ದೆ. ಇಲ್ಲಿಗೆ ಹತ್ತಿರದ ಮೆರಿಡನ್ ಎಂಬ ಹಳ್ಳಿಯ ತಂಡ, ಗ್ರೈಂಡ್‌ಕೋರ್ ಎಂಬ ಅತಿವೇಗದ ಬಗೆಗೆ ರೂಪ ಕೊಟ್ಟವರಲ್ಲಿ ಒಬ್ಬರು. ಒಂದೂಕಾಲು ಸೆಕೆಂಡಿಗೆ ತುಸು ಹೆಚ್ಚು ಹೊತ್ತಿನ ಹಾಡನ್ನೂ ಮಾಡಿದ್ದಾರೆ. ತಂಡಗಳ ಹೆಸರಿನ ಬಟ್ಟೆತುಂಡುಗಳನ್ನು ತೋಳಿನ ತುಂಬ ಹೊಲಿಸಿಕೊಂಡ ಜೀನ್ಸ್ ಜಾಕೆಟ್ಟಿನವನೊಬ್ಬ ನನ್ನ ಎದೆಯನ್ನೂ ಮುಖವನ್ನೂ ನೋಡಿ, "ಇವರ ಮೂರು ಹಾಡಿನ ಹೆಸರು ಹೇಳು" ಎಂದ. ಹೇಳಿದೆ. ತಲೆಯಾಡಿಸಿ ಹೋದ. ಅಲ್ಲಿ ಇಪ್ಪತ್ತು ಮೂವತ್ತು ಮಂದಿ ಅಂಥದೇ ಶರ್ಟಿನಲ್ಲಿದ್ದರು. ಪ್ರಶ್ನೆ ಬಂದದ್ದು ನನಗೊಬ್ಬನಿಗೇ. ಉತ್ತರ ಸರಿಯಿತ್ತು ಎಂಬ ಸಮಾಧಾನ ಮನೆ ಮುಟ್ಟುವವರೆಗೂ ಉಳಿಯಲಿಲ್ಲ, ಏಕೆಂದರೆ ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ನಾನೂ ಒಮ್ಮೆ ಇನ್ನೊಬ್ಬರಿಗೆ ಹಾಕಿದ್ದೆ.

2001, ಹಾಸನ, ಇಂಜಿನಿಯರಿಂಗ್ ಕಾಲೇಜಿನ ಕ್ಯಾಂಟೀನು. ಬ್ಲ್ಯಾಕ್ ಸಬಾತ್‌ನ 1970ರ ಮೊದಲ ಆಲ್ಬಂ ನನ್ನ ಬಳಿ ಇತ್ತು, ಬೆಂಗಳೂರಿನ ಗೆಳೆಯ ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟದ್ದು. ನೀಲಿ ಶಾಯಿಯಲ್ಲಿ ಅವನೇ ಹೆಸರು ಬರೆದಿದ್ದ. ಸಕಲೇಶಪುರದ ಕಡೆಯಿಂದ ಬರುತ್ತಿದ್ದ ಸಹಪಾಠಿಯೊಬ್ಬಳು ಅದನ್ನು ಎರಡು ದಿನಕ್ಕೆ ಕೊಡುತ್ತೀಯಾ ಎಂದಳು. ಅವಳು ಅಮೆರಿಕದ ಲಿಂಕಿನ್ ಪಾರ್ಕ್ ತಂಡದ ಹಾಡು ಕೇಳುತ್ತಿದ್ದಳು. ಅದು ರ‍್ಯಾಪ್ ಬೆರೆತ ನು ಮೆಟಲ್, ಅಂದರೆ ನಮ್ಮ ಗುಂಪಿನ ಲೆಕ್ಕದಲ್ಲಿ ಮೆಟಲ್ಲೇ ಅಲ್ಲ. ನಾಲ್ವರು ಹುಡುಗರ ಎದುರಿಗೆ ನಾನು, "ಸಬಾತ್‌ನ ಮೂರು ಹಾಡಿನ ಹೆಸರು ಹೇಳು, ಕೊಡುತ್ತೇನೆ" ಎಂದೆ.

"ಕೇಳಿಲ್ಲ, ಅದಕ್ಕೇ ಕೇಳುತ್ತಿದ್ದೇನೆ" ಎಂದಳು.

ಹುಡುಗರು ನಕ್ಕರು. ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಕೈಬಳೆ ಮೇಜಿನಂಚಿಗೆ ತಗುಲಿ ಸಣ್ಣಗೆ ಸದ್ದಾಯಿತು. ಆಮೇಲಿನ ಮೂರು ವರ್ಷ ಒಂದೇ ತರಗತಿಯಲ್ಲಿದ್ದೆವು. ಸಂಗೀತದ ಮಾತನ್ನು ಅವಳು ನನ್ನೊಂದಿಗೆ ಮತ್ತೆ ಎತ್ತಲಿಲ್ಲ.

2025ರ ಜುಲೈ 5ರಂದು ಇಲ್ಲಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಸಬಾತ್‌ನ ಗಾಯಕ ಓಜಿ ಆಸ್‌ಬರ್ನ್ ಕೊನೆಯ ಬಾರಿ ಹಾಡಿದಾಗ ಟಿಕೆಟ್ ಸಿಗದೆ ಮನೆಯಲ್ಲೇ ಆನ್‌ಲೈನ್ ಪ್ರಸಾರ ನೋಡಿದೆ. ಮೆಟಾಲಿಕಾ, ಸ್ಲೇಯರ್‌ನಂಥ ಹಿರಿಯರ ನಡುವೆ ಯಂಗ್‌ಬ್ಲಡ್ ಎಂಬ ಯುವ ಗಾಯಕ ಸಬಾತ್‌ನ ಒಂದು ನಿಧಾನದ ಹಾಡನ್ನು ಎತ್ತಿಕೊಂಡ. ಪಾಪ್ ಹುಡುಗನಿಗೆ ಇಲ್ಲೇನು ಕೆಲಸ ಎಂದು ನನ್ನ ಮನಸ್ಸೂ ಒಂದು ಕ್ಷಣ ಗೊಣಗಿತು. ಹಾಡು ಮುಗಿಯುವಷ್ಟರಲ್ಲಿ ಕಣ್ಣು ಒದ್ದೆಯಾಗಿತ್ತು. ಹದಿನೇಳು ದಿನಗಳ ನಂತರ, ಜುಲೈ 22ರಂದು, ಓಜಿ ತೀರಿಕೊಂಡ. 30ರಂದು ಶವಯಾತ್ರೆ ಬ್ರಾಡ್ ಸ್ಟ್ರೀಟಿನಲ್ಲಿ ಬಂದಾಗ ನಾನೂ ನಿಂತಿದ್ದೆ. ಬ್ಲ್ಯಾಕ್ ಸಬಾತ್ ಸೇತುವೆಯ ಬಳಿ ಹೂವಿನ ರಾಶಿ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ, ಅವರ ಮಗ್ಗುಲಿಗೆ ಸ್ಲೀಪ್ ಟೋಕನ್ ಶರ್ಟಿನ ಮೊಮ್ಮಗಳು. ಅಜ್ಜಿ ನನ್ನ ಕೈಗೂ ಒಂದು ಹೂ ಕೊಟ್ಟರು, ಏನನ್ನೂ ಕೇಳಲಿಲ್ಲ.

ಅಕ್ಕನ ಮಗನಿಗೆ ಹೇಳಿದ್ದೇನೆ: ಶರ್ಟ್ ಹಾಕಿಕೊಂಡೇ ಮಹಡಿ ಹತ್ತು, ಅವರು ಹೇಳುವ ಹಳೆಯ ತಂಡಗಳನ್ನೂ ಬಿಡದೆ ಕೇಳು. ಆ ಹುಡುಗರಿಗೆ ಗೊತ್ತಿರುವುದು ಬಹಳವಿದೆ, ಕಲಿಯಬೇಕು. ಹೊಸಬರು ಬಂದರೆ ಮಾತ್ರ ಪರೀಕ್ಷೆ ಮಾಡಬೇಡ, ಹಾಡು ಹಾಕು.

ಸಂಕ್ರಾಂತಿಗೆ ಊರಿಗೆ ಬರುತ್ತಿದ್ದೇನೆ. ಆ ಕ್ಯಾಸೆಟ್ ಹಾಸನದ ಮನೆಯ ಟ್ರಂಕಿನಲ್ಲಿ ಇನ್ನೂ ಇದೆ, ಎರಡನೆಯ ಬದಿಯಲ್ಲಿ ಒಂದು ಕಡೆ ಟೇಪು ಸ್ವಲ್ಪ ಸವೆದಿದೆ. ಸಕಲೇಶಪುರದ ಆ ಗೆಳತಿ ಇದನ್ನು ಓದುತ್ತಿದ್ದರೆ, ಅವಳಿಗೆ ಈಗಲೂ ಬೇಕಿದ್ದರೆ, ತಂದುಕೊಡುತ್ತೇನೆ. ಎರಡು ದಿನಕ್ಕಲ್ಲ, ಇಟ್ಟುಕೊಳ್ಳಲಿ.