ಎರಡನೆಯ ಬೆರಳಿನ ಬುಡ

14 ನವೆಂಬರ್ 2025, ಶುಕ್ರವಾರ
ಬರ್ಮಿಂಗ್‌ಹ್ಯಾಮ್

ಸಂಜೆ ಅಕ್ಕ ಪುಟ್ಟಿಯನ್ನು ಕರೆದುಕೊಂಡು ಬಂದಳು. "ಪಾದ ಸ್ವಲ್ಪ ಉಳುಕಿದೆ, ನೀನೊಮ್ಮೆ ನೋಡಿಬಿಡು" ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು. ಅದು ಉಳುಕಲ್ಲ. ಸೋಫಾದ ಮೇಲೆ ಕೂರಿಸಿಕೊಂಡು ಪಾದದ ಮೂಳೆಗಳನ್ನು ಒಂದೊಂದಾಗಿ ಒತ್ತುತ್ತಾ ಹೋದೆ. ಹೆಬ್ಬೆರಳಿನ ಸಾಲಿನಲ್ಲಿ ಏನೂ ಇರಲಿಲ್ಲ. ಪಕ್ಕದ ಬೆರಳಿನ ನೀಳ ಮೂಳೆ ಪಾದದ ನಡುಭಾಗಕ್ಕೆ ಬಂದು ಸೇರುವ ಜಾಗದಲ್ಲಿ ಬೆರಳಿಟ್ಟ ಕೂಡಲೇ ಉಸಿರು ಬಿಗಿ ಹಿಡಿದಳು. ಕಾಲು ಎಳೆದುಕೊಳ್ಳಲಿಲ್ಲ. ನಗುತ್ತಲೇ "ಪರವಾಗಿಲ್ಲ ಚಿಕ್ಕಮ್ಮ" ಎಂದಳು. ಆ ನಗು ಕಂಡು ನನ್ನ ಎದೆ ಧಸಕ್ಕೆಂದಿತು.

"ಯಾವಾಗಿನಿಂದ ನೋಯುತ್ತಿದೆ?"

"ದೀಪಾವಳಿಗೂ ಮುಂಚಿನಿಂದ."

"ಬ್ಯಾಲೆ ಟೀಚರ್‌ಗೆ ಹೇಳಿದೆಯಾ?"

"ಎಲ್ಲರಿಗೂ ನೋಯುತ್ತದೆ ಚಿಕ್ಕಮ್ಮ. ಹೇಳಿದರೆ ಡಿಸೆಂಬರ್ ಪ್ರದರ್ಶನದಿಂದ ತೆಗೆದುಬಿಡುತ್ತಾರೆ."

ಅವಳಿಗೆ ಹದಿನಾಲ್ಕು ವರ್ಷ. ನೋವನ್ನು ಮುಚ್ಚಿಡುವುದನ್ನು ಇಷ್ಟು ಚೆನ್ನಾಗಿ ಯಾರು ಕಲಿಸಿದರು? ಟೀಚರ್ ಒಳ್ಳೆಯವರೇ, ಮಕ್ಕಳೆಂದರೆ ಪ್ರಾಣ. ಬಹುಶಃ ಯಾರೂ ಕಲಿಸಬೇಕಾಗಿಲ್ಲ. ಸುಮ್ಮನಿರುವ ಮಗುವಿಗೆ ಪಾತ್ರ ಸಿಗುವುದನ್ನು ಒಂದೆರಡು ಸಲ ನೋಡಿದರೆ ಸಾಕು.

ನಮ್ಮ ಕ್ಲಿನಿಕ್ಕಿಗೆ ಬರುವ ನರ್ತಕಿಯರ ಪಾದದಲ್ಲಿ ಈ ಜಾಗವನ್ನು ನಾನು ಎಂದೂ ಬಿಡದೆ ಮುಟ್ಟಿ ನೋಡುತ್ತೇನೆ. ಎರಡನೆಯ ನೀಳ ಮೂಳೆಯ ಬುಡ ಸುತ್ತಲಿನ ಪುಟ್ಟ ಮೂಳೆಗಳ ನಡುವೆ ಒಳಸೇರಿ ಬಿಗಿಯಾಗಿ ಕೂತಿರುತ್ತದೆ, ಅಕ್ಕಪಕ್ಕದವುಗಳಷ್ಟು ಅಲುಗಾಡುವುದಿಲ್ಲ. ಪಾಯಿಂಟ್ ಶೂ ಹಾಕಿಕೊಂಡು ಬೆರಳ ತುದಿಯ ಮೇಲೆ ಎದ್ದು ನಿಂತಾಗ ಈ ಸಾಲಿನ ಮೇಲೆ ಬಹಳ ಭಾರ ಬೀಳುತ್ತದೆ. ಆ ಶೂಗಳ ಮುಂಭಾಗ ಬಟ್ಟೆ, ಕಾಗದ, ಅಂಟುಗಳ ಪದರ ಸೇರಿಸಿ ಗಟ್ಟಿ ಮಾಡಿದ್ದು, ಬೆವರು ಕುಡಿದು ಬೇಗ ಮೆತ್ತಗಾಗುತ್ತದೆ. ಪುಟ್ಟಿಯ ಶೂ ಜೋಡಿಯಂತೂ ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುವಷ್ಟು ಸೋತಿತ್ತು. ಹೊಸದು ಕೇಳಲು ಸಂಕೋಚವಂತೆ, ದುಬಾರಿ ಎಂದು.

ಒತ್ತಡದ ಬಿರುಕು, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಮೂಳೆಯಲ್ಲಾಗುವ ಸಣ್ಣ ಬಿರುಕು, ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಎಂಆರ್‌ಐ ಆಗಬೇಕು.

ಅಕ್ಕ ಕಾಫಿ ಮಾಡಲು ಒಳಗೆ ಹೋದಾಗ ಕೇಳಿದೆ. "ಮುಟ್ಟು ಸರಿಯಾಗಿ ಆಗುತ್ತಿದೆಯಾ ಪುಟ್ಟಿ?"

"ಬೇಸಿಗೆ ರಜೆಯಿಂದ ಆಗಿಲ್ಲ. ಒಳ್ಳೆಯದೇ ಅಲ್ಲವಾ? ತಿಳಿ ಗುಲಾಬಿ ಟೈಟ್ಸ್ ಹಾಕಿಕೊಂಡು ಹೆದರುತ್ತಾ ಇರುವುದು ತಪ್ಪಿತು."

"ಅಮ್ಮನಿಗೆ ಗೊತ್ತಾ?"

"ಅಮ್ಮ ಕೇಳಲಿಲ್ಲ."

ಕ್ಲಾಸಿರುವ ದಿನ ಮಧ್ಯಾಹ್ನ ಅನ್ನ ಬಿಟ್ಟಿದ್ದಾಳೆ. ಡಬ್ಬಿಯ ಮೊಸರನ್ನ ಗೆಳತಿಗೆ ಹೋಗುತ್ತದೆ, ಇವಳು ಒಂದು ಸೇಬು ತಿನ್ನುತ್ತಾಳೆ. ಊಟ ಮಾಡಿದರೆ ಲಿಯೊಟಾರ್ಡಿನಲ್ಲಿ, ಮೈಗಂಟುವ ಆ ನೃತ್ಯದ ಉಡುಪಿನಲ್ಲಿ, ಹೊಟ್ಟೆ ಕಾಣುತ್ತದಂತೆ. ಕ್ಲಾಸಿನ ಕೋಣೆಯ ಒಂದು ಗೋಡೆಯಿಡೀ ಕನ್ನಡಿ, ವಾರಕ್ಕೆ ಐದು ಸಂಜೆ ಅದರೆದುರು. ಬೆಳೆಯುವ ಮಗು ಇನ್ನೇನು ನೋಡೀತು?

ಸಿಟ್ಟು ಬಂತು, ಅವಳ ಮೇಲಲ್ಲ. ಪಾದದ ಬಾಗು, ಸೊಂಟದ ತಿರುವು, ಕತ್ತಿನ ನಿಲುವು ಎಲ್ಲವನ್ನೂ ನೋಡುವ ದೊಡ್ಡವರಲ್ಲಿ ಒಬ್ಬರೂ ತಟ್ಟೆಯನ್ನು ನೋಡಿಲ್ಲ. ಖರ್ಚಾಗುವ ಶಕ್ತಿಗೆ ತಕ್ಕಷ್ಟು ತಿನ್ನದಿದ್ದರೆ ದೇಹ ಕೈಬಿಡುವ ಕೆಲಸಗಳಲ್ಲಿ ಮುಟ್ಟೂ ಒಂದು. ಅದರೊಂದಿಗೆ ಈಸ್ಟ್ರೊಜೆನ್ ಹಾರ್ಮೋನ್ ಇಳಿಯುತ್ತದೆ, ಮೂಳೆ ಸೊರಗುತ್ತದೆ. ವಯಸ್ಕರ ಮೂಳೆಯಲ್ಲಿರುವ ಖನಿಜದ ಸುಮಾರು ಕಾಲು ಭಾಗ ಸೇರುವುದು ಮಕ್ಕಳು ಸರಸರನೆ ಎತ್ತರವಾಗುವ ಆ ಎರಡು ವರ್ಷಗಳ ಆಸುಪಾಸಿನಲ್ಲಿ. ಆಗ ಕಳೆದುಕೊಂಡದ್ದನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ) ಎಂದು ಹೆಸರಿಟ್ಟಿತು. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೂರ್ಣಾವಧಿ ಬ್ಯಾಲೆ ಕಲಿಯುವ 266 ವಿದ್ಯಾರ್ಥಿಗಳಲ್ಲಿ ನೂರಕ್ಕೆ 76 ಮಂದಿ ಒಂದೇ ವರ್ಷದಲ್ಲಿ ಗಾಯಗೊಂಡಿದ್ದರು. ಹೆಚ್ಚಿನವು ಬಿದ್ದು ಆದ ಗಾಯಗಳಲ್ಲ, ಅತಿಯಾದ ಅಭ್ಯಾಸದಿಂದ ಆದವು. ಪುಟ್ಟಿಯದು ಪೂರ್ಣಾವಧಿಯ ಶಾಲೆಯೂ ಅಲ್ಲ. ಹೋಮ್‌ವರ್ಕ್ ಮುಗಿಸಿ ಕ್ಲಾಸಿಗೆ ಓಡುವ ಹುಡುಗಿ.

ಮೈಸೂರಿನಲ್ಲಿ ನಾವೂ ಕೆಂಪು ಗಾರೆ ನೆಲದ ಮೇಲೆ ಭರತನಾಟ್ಯದ ತಟ್ಟಡವು ಹಾಕಿದವರೇ. ಅರಮಂಡಿಯಲ್ಲಿ ಕೂತರೆ ತೊಡೆ ನಡುಗುತ್ತಿತ್ತು, ಮೇಡಂ "ಇನ್ನೂ ಕೂರು" ಎನ್ನುತ್ತಿದ್ದರು. ಅಲ್ಲೂ ಮಂಡಿಗಳು ಸೊಂಟದಿಂದಲೇ ಹೊರಕ್ಕೆ ತಿರುಗಬೇಕು. ಸೊಂಟ ತೆರೆಯದಿದ್ದರೆ ಮಂಡಿ ತಿರುಚಿಕೊಂಡು ನಿಲ್ಲುವ ಮಕ್ಕಳು ಅಲ್ಲೂ ಇದ್ದರು, ಇಲ್ಲೂ ಇದ್ದಾರೆ. ಆದರೆ ನೃತ್ಯ ಮುಗಿದ ಮೇಲೆ ಮೇಡಂ ಮನೆಯ ಅವಲಕ್ಕಿಯನ್ನು ಯಾರೂ ಬೇಡವೆಂದದ್ದು ನೆನಪಿಲ್ಲ.

ಅಕ್ಕ ಲೋಟ ಹಿಡಿದು ಬಂದವಳು ನನ್ನ ಮುಖ ನೋಡಿ ನಿಂತಳು. ಹೇಳಿದೆ, ಎಲ್ಲವನ್ನೂ, ಪುಟ್ಟಿಯನ್ನು ಕೇಳಿಕೊಂಡೇ. (ಇದನ್ನು ಇಲ್ಲಿ ಹಾಕುವುದಕ್ಕೂ ಅವಳನ್ನು ಕೇಳಿದ್ದೇನೆ. ಹೆಸರು ಬೇಡ, ಉಳಿದದ್ದು ಬರೆ ಎಂದಳು.) ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. "ಮೆತ್ತನೆ ಶೂ ಹಾಕಿಕೊಂಡು ಹಿಂದಿನ ಸಾಲಿನಲ್ಲಾದರೂ ನಿಲ್ಲಬಹುದಾ?"

ಆಗಲ್ಲ ಅಕ್ಕ, ಎಂದೆ. ಎಂಆರ್‌ಐ ನೋಡುವವರೆಗೆ ಒಂದು ಹೆಜ್ಜೆಯೂ ಬೇಡ. ಪುಟ್ಟಿ ಆಗ ಅತ್ತಳು. ಒತ್ತಿದಾಗ ಬಾರದ ಕಣ್ಣೀರು ಅದು. ಅವಳಿಗೆ ನೃತ್ಯ ಎಷ್ಟು ಇಷ್ಟ ಎನ್ನುವುದನ್ನು ನಾನು ಮರೆಯುವ ಹಾಗಿಲ್ಲ. ಬಿಡಿಸುವುದು ನನ್ನ ಉದ್ದೇಶವೇ ಅಲ್ಲ, ಇಪ್ಪತ್ತಕ್ಕೂ ಮೂವತ್ತಕ್ಕೂ ಅವಳು ಕುಣಿಯುತ್ತಿರಬೇಕು.

ಜಿಪಿಗೆ, ಅವರ ಕುಟುಂಬ ವೈದ್ಯರಿಗೆ, ಪತ್ರ ಬರೆದಿಟ್ಟಿದ್ದೇನೆ, ರಕ್ತಪರೀಕ್ಷೆಯನ್ನೂ ಸೇರಿಸಿ. ನಾಳೆ ಟೀಚರ್‌ಗೆ ಫೋನ್ ಮಾಡಬೇಕು. ಪಾದದ ಮಾತು ಸುಲಭ, ಊಟದ ಮಾತನ್ನು ಎಲ್ಲಿಂದ ಎತ್ತಿಕೊಳ್ಳಲಿ? ಅವರನ್ನು ದೂರುತ್ತಿದ್ದೇನೆ ಎನಿಸಬಾರದು, ಹಾಗೆಂದು ಮೆದುವಾಗಿ ಹೇಳಿ ತೇಲಿಸಿಬಿಡುವ ವಿಷಯವೂ ಅಲ್ಲ. ಉಳಿದ ಹುಡುಗಿಯರೂ ಇದ್ದಾರಲ್ಲ, ಮೊಸರನ್ನ ತಿನ್ನುವ ಆ ಗೆಳತಿ ಒಬ್ಬಳನ್ನು ಬಿಟ್ಟು...

ಅಕ್ಕನ ಮೆಸೇಜ್. ಪುಟ್ಟಿ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಒಂಟಿ ಕಾಲಿನಲ್ಲಿ ಅಭ್ಯಾಸ ಮಾಡುತ್ತಿದ್ದಾಳಂತೆ, ಬಯ್ಯಲೇ ಬೇಡವೇ ಎಂದು ಕೇಳಿದ್ದಾಳೆ. ಯಾವ ಕಾಲಿನ ಮೇಲೆ ನಿಂತಿದ್ದಾಳೆ, ಮೊದಲು ಅದನ್ನು ಹೇಳು ಎಂದಿದ್ದೇನೆ.