ಬರೆದು ತೋರಿಸಿದರೆ ಸಾಲದಾ?

ನನ್ನ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವಳ ವಿಷಯ ಬಂದಾಗಲೆಲ್ಲ ನೆಂಟರು, ಆಫೀಸಿನವರು, ಬಸ್ಸಲ್ಲಿ ಪಕ್ಕ ಕೂತವರು ಕೂಡ ಕೇಳುವುದು ಒಂದೇ ಪ್ರಶ್ನೆ: “ಓದೋಕೆ ಬರೆಯೋಕೆ ಬರುತ್ತಲ್ವಾ? ಮೊಬೈಲಲ್ಲಿ ಬರೆದು ತೋರಿಸಿದ್ರೆ ಆಯ್ತು. ಸನ್ನೆ ಭಾಷೆ ಯಾಕೆ ಬೇಕು?”

ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಒಮ್ಮೆ ಬೆನ್ನುನೋವಿಗೆ ಮಾತ್ರೆ ಕೊಟ್ಟ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು: “ಊಟಕ್ಕೆ ಮುಂಚೆ ತಗೋಬಾರದು.” ತಂಗಿ ಓದಿದಳು, ತಲೆ ಆಡಿಸಿದಳು. ಮೂರು ದಿನ ಖಾಲಿ ಹೊಟ್ಟೆಯಲ್ಲೇ ನುಂಗಿದಳು. ನಾಲ್ಕನೇ ದಿನ ಹೊಟ್ಟೆ ಉರಿ ತಡೆಯದೆ ಒದ್ದಾಡಿದಳು. ಚೀಟಿ ತೆಗೆದು ಕೇಳಿದೆ. ಬೆರಳಿಟ್ಟು ತೋರಿಸಿದಳು: ಊಟ, ಮುಂಚೆ, ತಗೋ. ಗೊತ್ತಿದ್ದ ಮೂರು ಪದಗಳನ್ನು ಸರಿಯಾಗಿಯೇ ಓದಿದ್ದಳು. “ಬಾರದು” ಅವಳ ಕೈಗೆ ಸಿಕ್ಕಿರಲಿಲ್ಲ.

ಕನ್ನಡದಲ್ಲಿ ಹೌದು, ಅಲ್ಲ, ಯಾರು ಯಾರಿಗೆ ಎಲ್ಲವೂ ಪದದ ಬಾಲದಲ್ಲಿ ಕೂತಿರುತ್ತದೆ. ಆ ಬಾಲವನ್ನು ನಮಗೆ ಯಾರೂ ಪಾಠ ಮಾಡಿ ಕಲಿಸಿಲ್ಲ. ತೊಟ್ಟಿಲಿನಿಂದ ಕೇಳಿ ಕೇಳಿ ಬಂತು. ಒಮ್ಮೆಯೂ ಕೇಳದವರಿಗೆ ಬರೆದ ಕನ್ನಡ ಹೊರಗಿನ ಭಾಷೆಯೇ. ಅವರು “ನಾನು ನಾಳೆ ಬರು ಇಲ್ಲ” ಎಂದು ಬರೆದರೆ ಜನ ನಗುತ್ತಾರೆ, ಬುದ್ಧಿ ಕಮ್ಮಿ ಅಂದುಕೊಳ್ಳುತ್ತಾರೆ. ಇದು ನನಗೆ ತುಂಬಾ ನೋವು ಕೊಡುತ್ತದೆ.

ತುಟಿ ನೋಡಿ ತಿಳಿದುಕೊಳ್ಳಲಿ ಅಂತೀರಾ? ಕನ್ನಡಿ ಮುಂದೆ ನಿಂತು ದನಿ ಬಿಡದೆ “ಮಾವ ಬಂದ” ಅನ್ನಿ, ಆಮೇಲೆ “ಭಾವ ಬಂದ” ಅನ್ನಿ. ತುಟಿಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ.

ಸನ್ನೆ ಭಾಷೆ ಅಂದರೆ ಸುಮ್ನೆ ಕೈ ಆಡಿಸುವುದಲ್ಲ, ಅದಕ್ಕೆ ಅದರದೇ ವ್ಯಾಕರಣ ಇದೆ. ಭಾರತೀಯ ಸನ್ನೆ ಭಾಷೆಯಲ್ಲಿ “ಕೊಡು” ಅನ್ನುವ ಕೈ ನನ್ನಿಂದ ನಿಮ್ಮ ಕಡೆ ಹೋದರೆ ನಾನು ಕೊಟ್ಟೆ, ನಿಮ್ಮಿಂದ ನನ್ನ ಕಡೆ ಬಂದರೆ ನೀವು ಕೊಟ್ಟಿರಿ. ಹುಬ್ಬು ಎತ್ತಿದರೆ ಪ್ರಶ್ನೆ. ಬೇಡ, ಇಲ್ಲ ಅನ್ನುವುದು ಕೈಯ ಜೊತೆಗೆ ತಲೆಯಲ್ಲೂ ಕಾಣುತ್ತದೆ. ಆ ಚೀಟಿಯ ಮಾತನ್ನು ಯಾರಾದರೂ ಸನ್ನೆಯಲ್ಲಿ ಹೇಳಿದ್ದರೆ ನನ್ನ ತಂಗಿ ತಪ್ಪುತ್ತಿರಲಿಲ್ಲ.

ಇಂಥ ಭಾಷೆಯನ್ನೇ ಅವಳ ಶಾಲೆಯಲ್ಲಿ ತಡೆದರು. ಕೈ ಆಡಿಸಿದರೆ ಬೆರಳಿನ ಮೇಲೆ ಸ್ಕೇಲಿನ ಏಟು. ಸನ್ನೆ ಕಲಿತರೆ ಮಾತು ಬರಲ್ಲ ಅನ್ನುವ ಭಯ. ಈ ಭಯ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಇರಲಿ ಎಂದು ತೀರ್ಮಾನಿಸಿತು. ಅದೇ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಆ ತೀರ್ಮಾನಕ್ಕೆ ವಿಷಾದ ಹೇಳಿತು. ನಡುವೆ 130 ವರ್ಷ ಹೋಯಿತು. ಎಷ್ಟು ಮಕ್ಕಳ ಬಾಲ್ಯ ಅದು!

ಈಗ ಸ್ವಲ್ಪ ಸ್ವಲ್ಪ ಬದಲಾಗುತ್ತಿದೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಾದವು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ, 2024ರಲ್ಲಿ ನಮ್ಮ ಹೈಕೋರ್ಟಿನಲ್ಲಿ ಇಂಟರ್ಪ್ರಿಟರ್, ಅಂದರೆ ಮಾತನ್ನು ಸನ್ನೆಗೆ, ಸನ್ನೆಯನ್ನು ಮಾತಿಗೆ ತಿರುಗಿಸಿ ಹೇಳುವವರ ನೆರವಿನಿಂದ ಹಾಜರಾದರು. ಆದರೆ 2011ರ ಜನಗಣತಿಯಲ್ಲೇ ದೇಶದಲ್ಲಿ ಕೇಳುವ ತೊಂದರೆ ಇರುವವರು 50 ಲಕ್ಷಕ್ಕೂ ಜಾಸ್ತಿ. ನಮ್ಮ ಊರಿನ ಆಸ್ಪತ್ರೆಯಲ್ಲಿ ಇಂದಿಗೂ ಒಬ್ಬ ಇಂಟರ್ಪ್ರಿಟರ್ ಇಲ್ಲ.

ಹೋದ ವರ್ಷ ಇನ್ನೊಬ್ಬ ಡಾಕ್ಟರ ಹತ್ತಿರ ಹೋದಾಗ ವಿಡಿಯೊ ಕಾಲ್‌ನಲ್ಲಿ ಇಂಟರ್ಪ್ರಿಟರ್ ಸಿಕ್ಕರು. ಅಲ್ಲಿಯವರೆಗೆ ತಂಗಿಯ ಪರವಾಗಿ ಮಾತಾಡುತ್ತಿದ್ದವಳು ನಾನೇ. ಅವತ್ತು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. ಮದುವೆಯಾಗಿ ಎರಡು ವರ್ಷ ಆಗಿದ್ದ ಅವಳು, ನನಗೆ ಯಾವತ್ತೂ ಹೇಳಿರದ ಪ್ರಶ್ನೆ ಕೇಳಿದಳು: “ನನಗೆ ಹುಟ್ಟೋ ಮಗುವಿಗೂ ಕಿವಿ ಕೇಳಿಸಲ್ವಾ? ಕೇಳಿಸದಿದ್ರೂ ನನಗೆ ಬೇಜಾರಿಲ್ಲ. ಮನೆಯವರಿಗೆ ಮಾತ್ರ ನೀವೇ ಹೇಳಬೇಕು.”